ಡಿಕ್ಕಿ ಬಾಗಿಲು ಮೇಲಕ್ಕೋ, ಪಕ್ಕಕ್ಕೋ? ಐದಡಿ ಎತ್ತರದವಳ ತೀರ್ಪು

ಗಾಡಿಯ ಡಿಕ್ಕಿ ಬಾಗಿಲಿನ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ, ಹಾಗಾಗಿ ಗಾಡಿಯ ಹೆಸರು ಬೇಡ. ಏಳು ಸೀಟಿನ ದೊಡ್ಡ ಡೀಸೆಲ್ ಎಸ್‌ಯುವಿ, ಸೆಕೆಂಡ್ ಹ್ಯಾಂಡ್. ಡಿಕ್ಕಿ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ಸ್ಟೆಪ್ನಿ ಅದರ ಬೆನ್ನ ಮೇಲೇ ಕೂತಿದೆ. ಮೈಲೇಜು, ಟಾರ್ಕು ಇತ್ಯಾದಿ ನೀವು ಆಗಲೇ ನೋಡಿರುತ್ತೀರಿ. ನಮ್ಮದು ತೀರ್ಥಹಳ್ಳಿ ಕಡೆ. ಗಾಡಿ ಕೊಂಡು ವರ್ಷಗಳಾದವು, ಮಳೆಗಾಲಗಳನ್ನೂ ಕಂಡಿದೆ.

ಕೊಳ್ಳುವಾಗ ಮನೆಯಲ್ಲಿ ಜಗಳ ಆಗಿದ್ದು ಎಂಜಿನ್ನಿಗಲ್ಲ, ಬಾಗಿಲಿಗೆ. ನಮ್ಮನೆಯವರಿಗೆ ಮೇಲಕ್ಕೆ ಏಳುವ ಬಾಗಿಲೇ ಬೇಕಿತ್ತು. ಫಾರ್ಚೂನರ್, 2021ರಲ್ಲಿ ಬಂದ ಹೊಸ ಸಫಾರಿ, ಎಕ್ಸ್‌ಯುವಿ 700 ಎಲ್ಲದರಲ್ಲೂ ಅದೇ. ನೋಡೋಕೆ ಗತ್ತು ಇರುತ್ತೆ, ನಿಜ. ಆದರೆ ಷೋರೂಮಿನಲ್ಲಿ ನಾನು ಅದನ್ನು ಮುಚ್ಚಲು ಹೋದೆ. ಕೈ ಎಟುಕಲಿಲ್ಲ. ತುದಿಗಾಲಲ್ಲಿ ನಿಂತೆ, ಆಗಲೂ ಇಲ್ಲ. "ಮೇಡಂ, ಟಾಪ್ ಮಾಡೆಲ್ ತಗೊಳ್ಳಿ, ಬಟನ್ ಒತ್ತಿದ್ರೆ ತಾನೇ ಮುಚ್ಚಿಕೊಳ್ಳುತ್ತೆ" ಅಂದ ಅಲ್ಲಿನ ಹುಡುಗ. ಬಾಗಿಲು ಮುಚ್ಚೋಕೆ ಲಕ್ಷಗಟ್ಟಲೆ ಜಾಸ್ತಿ ಕೊಡಬೇಕು ಅಂದರೆ ಅದು ನಮ್ಮ ಬಜೆಟ್ಟಿನ ಮಾತಲ್ಲ.

ಪಕ್ಕಕ್ಕೆ ತೆರೆಯುವ ಬಾಗಿಲು ಹಳೇ ಕಾಲದ್ದು ಅಂತ ಕೆಲವರಿಗೆ ಅನಿಸುತ್ತದೆ. 1998ರ ಮೊದಲ ಸಫಾರಿಯಲ್ಲಿ ಇತ್ತು, ಬೊಲೆರೋದಲ್ಲಿ ಇದೆ. ಆದರೆ 2022ರ ಸ್ಕಾರ್ಪಿಯೋ ಎನ್‌ನಲ್ಲೂ ಪಕ್ಕಕ್ಕೇ. 2024ರ ಥಾರ್ ರಾಕ್ಸ್‌ನಲ್ಲಿ ಗಾಜು ಮೇಲಕ್ಕೆ, ಬಾಗಿಲು ಪಕ್ಕಕ್ಕೆ. ಕೋಟಿ ದಾಟುವ ಡಿಫೆಂಡರ್‌ನಲ್ಲೂ ಸ್ಟೆಪ್ನಿ ಹೊತ್ತ ಬಾಗಿಲು ಪಕ್ಕಕ್ಕೇ ತೆರೆಯೋದು. ಹಾಗಾಗಿ ಇದು ಬಡವರ ಬಾಗಿಲು ಅಂತ ಯಾರೂ ನನಗೆ ಹೇಳಬೇಡಿ.

ಇದರ ನಿಜವಾದ ಸುಖ ಗೊತ್ತಾಗೋದು ಸಂತೆಯಲ್ಲಿ. ಮೇಲಕ್ಕೆ ಏಳುವ ಬಾಗಿಲನ್ನು ಅರ್ಧ ತೆರೆದು ಹಿಡಿಯೋದು ಕಷ್ಟ. ಗ್ಯಾಸ್ ರಾಡ್ ಅದನ್ನು ಸೀದಾ ಮೇಲಕ್ಕೇ ತಳ್ಳಿಬಿಡುತ್ತದೆ, ಒಳಗೆ ಒತ್ತಿ ಇಟ್ಟಿದ್ದೆಲ್ಲ ಜಾರಿ ಹೊರಗೆ ಬರುತ್ತದೆ. ನಮ್ಮದರಲ್ಲಿ ಹಾಗಿಲ್ಲ. ಹಿಡಿಕೆ ನನ್ನ ಸೊಂಟದ ಮಟ್ಟದಲ್ಲಿದೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಹಿಡಿಕೆ. ಒಂದು ಗೇಣು ತೆರೆದು, ಮೊಣಕಾಲಿನಿಂದ ಬಾಗಿಲನ್ನು ಹಾಗೇ ತಡೆದು, ಸೊಪ್ಪಿನ ಕಟ್ಟನ್ನು ಸಂದಿಯಲ್ಲಿ ತೂರಿಸಿ, ಸೊಂಟದಿಂದ ಒಂದು ನೂಕು. ಮುಚ್ಚಿತು. ತೆಂಗಿನಕಾಯಿ ಉರುಳಿ ಬರುತ್ತಿದ್ದರೆ ಸಂದಿಯಲ್ಲೇ ಕಂಡುಬಿಡುತ್ತದೆ, ಕೈ ಅಡ್ಡ ಕೊಡಬಹುದು. ಬಾಳೆಗೊನೆ ಮಾತ್ರ ಬಾಗಿಲು ಪೂರ್ತಿ ತೆಗೆದೇ ಇಡಬೇಕು. ಅದಕ್ಕೆ ಎಡಮೂಲೆ ಖಾಯಂ. ಅಲ್ಲಿ ಒಂದು ಗೋಣಿಚೀಲ ಹಾಸಿಯೇ ಇರುತ್ತದೆ, ಬಾಳೆ ಸೊನೆ ಕಾರ್ಪೆಟ್ಟಿಗೆ ತಾಗಿದರೆ ಜನ್ಮದಲ್ಲಿ ಹೋಗುವುದಿಲ್ಲ.

ನಮ್ಮ ಅತ್ತೆ ನನಗಿಂತ ಗಿಡ್ಡ. ಅವರೂ ಯಾರನ್ನೂ ಕರೆಯದೆ ತೆಗೆದು ಮುಚ್ಚುತ್ತಾರೆ. ಮದುವೆ ಮನೆಯಿಂದ ಹೊರಡುವಾಗ "ಅಪ್ಪೀ, ಒಂಚೂರು ಡಿಕ್ಕಿ ಹಾಕೋ" ಅಂತ ಹುಡುಗರನ್ನು ಹುಡುಕುವ ಕೆಲಸ ತಪ್ಪಿತು.

ಇನ್ನು ಶೆಡ್ಡು. ನಮ್ಮದು ತಗಡಿನ ಇಳಿಜಾರು ಮಾಡು, ಹಿಂದಗಡೆ ತಗ್ಗು. ಮೇಲಕ್ಕೆ ಏಳುವ ಬಾಗಿಲು ಅಲ್ಲಿ ತಗಡಿಗೆ ಬಡಿಯೋದು ಗ್ಯಾರಂಟಿ. ಪೇಟೆಯ ಬೇಸ್‌ಮೆಂಟುಗಳಲ್ಲಿ ತೊಲೆ, ಪೈಪು ಇದ್ದರೂ ಇದೇ ಕಥೆ. ಬಟನ್ ಬಾಗಿಲು ಇರುವವರಿಗೆ ಒಂದು ಉಪಾಯ ಇದೆ, ಸುಮಾರು ಜನಕ್ಕೆ ಗೊತ್ತಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಬಾಗಿಲನ್ನು ಬೇಕಾದ ಎತ್ತರದಲ್ಲಿ ನಿಲ್ಲಿಸಿ, ಮುಚ್ಚುವ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಬೀಪ್ ಅನ್ನುತ್ತದೆ. ಆಮೇಲೆ ಅದು ಅಷ್ಟೇ ಎತ್ತರಕ್ಕೆ ಏಳುತ್ತದೆ. ಬಟನ್ ಇಲ್ಲದವರು ಒಳಗಿನ ಹಿಡಿಕೆಗೆ ಒಂದು ಗಟ್ಟಿ ಪಟ್ಟಿ ಕಟ್ಟಿಕೊಳ್ಳಿ, ಎಳೆದು ಮುಚ್ಚಬಹುದು. ನೋಡೋಕೆ ಚೆನ್ನಾಗಿರಲ್ಲ, ಅಷ್ಟೇ.

ಬಾಗಿಲಿನ ಕೀಲು ಯಾವ ಕಡೆ ಇದೆ ಅನ್ನೋದನ್ನೂ ನೋಡಿ. ಹಿಂದೆ ನಿಂತು ನೋಡಿದರೆ ನಮ್ಮದರ ಕೀಲು ಬಲಕ್ಕಿದೆ. ನಾವು ರಸ್ತೆಯ ಎಡಕ್ಕೆ ನಿಲ್ಲಿಸುವವರು. ಹಾಗಾಗಿ ಅಂಗಡಿ ಕಟ್ಟೆಯಿಂದ ಇಳಿದು ಸೀದಾ ಡಿಕ್ಕಿಗೆ ಸಾಮಾನು ಹಾಕಬಹುದು, ಬಾಗಿಲು ಅಡ್ಡ ಬರಲ್ಲ. ಜಪಾನಿನ ಟೊಯೋಟಾ ಕಂಪನಿ ಅಮೆರಿಕದಲ್ಲಿ ಮಾರಿದ ಹಳೆಯ ರಾವ್4 ಗಾಡಿಗೂ ಕೀಲು ಬಲಕ್ಕೇ ಇತ್ತು. ಅಲ್ಲಿ ಬಲಕ್ಕೆ ನಿಲ್ಲಿಸುತ್ತಾರೆ. ಫುಟ್‌ಪಾತಿಗೂ ಡಿಕ್ಕಿಗೂ ನಡುವೆ ಬಾಗಿಲೇ ಗೋಡೆ ಆಗಿ ನಿಲ್ಲುತ್ತಿತ್ತು. ಜಪಾನಿನಲ್ಲಿ ನಮ್ಮ ಹಾಗೆ ಎಡಕ್ಕೆ ಓಡಿಸುತ್ತಾರೆ ನೋಡಿ, ಅವರಿಗೆ ಅದು ಸರಿಯಾಗಿಯೇ ಇತ್ತು.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಜೂನ್ ತಿಂಗಳಿಗೆ ಬರೋಣ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮೂರಿಗೆ ಅಷ್ಟಿಲ್ಲದಿದ್ದರೂ ಬಾಗಿಲು ತೆಗೆಯೋಕೆ ಹೊತ್ತು ನೋಡಿ ಬರುವ ಮಳೆ ಅಲ್ಲ ಅದು. ಮೇಲಕ್ಕೆ ಏಳುವ ಬಾಗಿಲಿನವರು ಅದರ ಕೆಳಗೆ ನಿಂತು ಆರಾಮಾಗಿ ಚೀಲ ಇಳಿಸುತ್ತಾರೆ, ಚಪ್ಪಲಿ ಬದಲಾಯಿಸುತ್ತಾರೆ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿಯುತ್ತಾರೆ. ನನಗೆ ಒಂದು ಕೈಗೆ ಕೊಡೆ, ಇನ್ನೊಂದು ಕೈಗೆ ಬಾಗಿಲು. ಚೀಲಕ್ಕೆ ಕೈ ಎಲ್ಲಿಂದ ತರಲಿ? ತೆಗೆದ ಕ್ಷಣ ಮಳೆ ಸೀದಾ ಹಿಂದಿನ ಸೀಟಿನ ಬೆನ್ನಿಗೆ ಹೊಡೆಯುತ್ತದೆ. ಇನ್ನೊಂದು ಪೀಡೆ ಇದೆ. ಸ್ಟೆಪ್ನಿಯ ಕವರಿನ ಒಳಗೆ ನೀರು ನಿಲ್ಲುತ್ತದೆ. ಬಾಗಿಲು ತಿರುಗಿಸಿದ ಕೂಡಲೇ ಅದು ಸೀರೆಯ ಮೇಲೆ ಸುರಿಯುತ್ತದೆ. ಕವರಿನ ತಳಕ್ಕೆ ತೂತು ಮಾಡಿದ ಮೇಲೆ ಕಡಿಮೆಯಾಯಿತು. ನಿಂತಿಲ್ಲ. ಮಳೆಗಾಲದಲ್ಲಿ ನಾನು ಡಿಕ್ಕಿಯನ್ನೇ ಮುಟ್ಟಲ್ಲ, ಮಧ್ಯದ ಸೀಟಿನ ಬಾಗಿಲಿನಿಂದ ಸಾಮಾನು ತುಂಬುತ್ತೇನೆ. ಇಷ್ಟು ದೊಡ್ಡ ಗಾಡಿಗೆ ಹಿಂಬಾಗಿಲು ಇದ್ದೂ ವರ್ಷದ ನಾಲ್ಕು ತಿಂಗಳು ಅದು ಗೋಡೆ. ಸಿಟ್ಟು ಬರಲ್ವಾ?

ಇಳಿಜಾರಿನಲ್ಲಿ ಇನ್ನೂ ಮೋಸ. ಗಾಡಿಯ ಬಲಭಾಗ ಮೇಲಿರುವ ಹಾಗೆ ಓರೆಯಾಗಿ ನಿಂತಿದ್ದರೆ ತೆರೆದ ಬಾಗಿಲು ತಾನಾಗಿಯೇ ವಾಪಸ್ ಬರುತ್ತದೆ. ಅದು ಬರೀ ಬಾಗಿಲಲ್ಲ, 25-30 ಕೆಜಿಯ ಚಕ್ರವನ್ನೂ ಹೊತ್ತುಕೊಂಡು ಬರುತ್ತದೆ. ತಡೆಯುವ ರಾಡು ಹೊಸದಿದ್ದಾಗ ಹಿಡಿದುಕೊಳ್ಳುತ್ತಿತ್ತು, ಈಗ ಸುಸ್ತಾಗಿದೆ. ಮಕ್ಕಳು ಡಿಕ್ಕಿ ಹತ್ತಿರ ಇದ್ದರೆ ನಾನೇ ನಿಂತು ಹಿಡಿದುಕೊಳ್ಳುತ್ತೇನೆ. ಭಾರಕ್ಕೆ ಕೀಲು ಒಂಚೂರು ಜಗ್ಗಿ, ಮುಚ್ಚುವಾಗ ಬಾಗಿಲನ್ನು ತುಸು ಎತ್ತಿ ಕೊಡಬೇಕಾಯಿತು. ಗ್ಯಾರೇಜಿನಲ್ಲಿ ಬೋಲ್ಟ್ ಸಡಿಲಿಸಿ, ಮಟ್ಟ ನೋಡಿ, ಬಿಗಿದು ಗ್ರೀಸ್ ಹಚ್ಚಿಕೊಟ್ಟರು. ಸೆಕೆಂಡ್ ಹ್ಯಾಂಡ್ ನೋಡುವವರು ಬಾಗಿಲನ್ನು ಅರ್ಧ ತೆರೆದು, ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಕಟಕಟ ಅಂದರೆ ಬೆಲೆ ಇಳಿಸಿ. ಮೇಲಕ್ಕೆ ಏಳುವ ಬಾಗಿಲಾದರೆ ಬೆಳಿಗ್ಗೆ ಚಳಿಯಲ್ಲೇ ಹೋಗಿ ನೋಡಿ. ರಾಡಿನೊಳಗಿನ ಗ್ಯಾಸಿನ ಒತ್ತಡ ಚಳಿಗೆ ಕಡಿಮೆ ಆಗುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಸರಿಯಾಗಿ ನಿಂತ ಬಾಗಿಲು ಬೆಳಿಗ್ಗೆ ನಿಧಾನಕ್ಕೆ ತಲೆಯ ಮೇಲೆ ಇಳಿಯಬಹುದು.

ಪಾರ್ಕಿಂಗ್ ಬಗ್ಗೆ ಹೇಳಲೇಬೇಕು. ಬಾಗಿಲಿನ ಅಗಲಕ್ಕೆ ಹಿಂದೆ ಜಾಗ ಬೇಕು, ಅಂದರೆ ಒಂದು ಮೀಟರಿಗಿಂತ ಜಾಸ್ತಿ. ಪೇಟೆಯಲ್ಲಿ ಬೈಕಿನವರು ಬಂಪರಿಗೆ ಮುತ್ತು ಕೊಟ್ಟ ಹಾಗೆ ನಿಲ್ಲಿಸಿ ಹೋಗುತ್ತಾರೆ. ಆಮೇಲೆ ಹೂವಿನವಳು "ಅಕ್ಕಾ, ಗಾಡಿ ಒಂಚೂರು ಮುಂದೆ ತಗಳಿ, ಬುಟ್ಟಿಗೆ ತಾಗತ್ತೆ" ಅಂತಾಳೆ. ಮುಂದೆ ತಗೊಂಡರೆ ಅಲ್ಲೂ ಒಂದು ಬೈಕು.

ಇದಕ್ಕೆಲ್ಲ ಮದ್ದು ಬೇರೆ ಗಾಜು. ಬಾಗಿಲು ತೆಗೆಯದೆ ಗಾಜು ಮಾತ್ರ ಮೇಲಕ್ಕೆ ತೆರೆದರೆ ಸಣ್ಣ ಚೀಲ ಹಾಕೋದು ಎಷ್ಟು ಸಲೀಸು! ಟೊಯೋಟಾ ಪ್ರಾಡೋದ ಹಿಂದಿನ ತಲೆಮಾರಿನಲ್ಲಿ ಬಾಗಿಲು ಪಕ್ಕಕ್ಕೆ, ಗಾಜು ಬೇರೆಯಾಗಿ ಮೇಲಕ್ಕೆ ಇತ್ತು. ನಮ್ಮದರಲ್ಲಿ ಇಲ್ಲ. ಮೇಲೆ ಅರ್ಧ, ಕೆಳಗೆ ಅರ್ಧ ಅಂತ ಸೀಳಿದ ಬಾಗಿಲೂ ಇದೆ. ರೇಂಜ್ ರೋವರ್‌ನಲ್ಲಿ 1970ರಿಂದ ಅದೇ, ಲ್ಯಾಂಡ್ ಕ್ರೂಸರ್‌ನ 200 ಸೀರೀಸ್‌ವರೆಗೂ ಹಾಗೇ ಇತ್ತು, 300 ಬಂದಾಗ ಒಂದೇ ಬಾಗಿಲಾಯಿತು. ಕೆಳಗಿನ ಅರ್ಧ ಕೂರೋಕೆ ಬೆಂಚು, ಮೇಲಿನ ಅರ್ಧ ನೆರಳು. ಸಂಬಂಧಿಕರ ಗಾಡಿಯಲ್ಲಿ ಕೂತು ನೋಡಿದ್ದೇನೆ, ಪಿಕ್‌ನಿಕ್ಕಿಗೆ ಅದರಷ್ಟು ಚೆಂದ ಯಾವುದೂ ಇಲ್ಲ. ಆದರೆ ಆ ಬೆಂಚಿನ ಆಚೆ ಬಗ್ಗಿ ಒಳಗಿನ ಕೊಡಪಾನ ಎಳೆಯಲು ನನ್ನ ಕೈಗೆ ಇನ್ನೊಂದು ಮೊಳ ಬೇಕಿತ್ತು.

ನೀವು ಎತ್ತರ ಇದ್ದು, ಮಳೆ ಊರಿನವರಾಗಿ, ಶೆಡ್ಡಿನ ಮಾಡು ಎತ್ತರ ಇದ್ದರೆ ಮೇಲಕ್ಕೆ ಏಳುವುದನ್ನೇ ತಗೊಳ್ಳಿ. ನನ್ನ ಹಾಗೆ ಗಿಡ್ಡ ಇದ್ದು, ದಿನಾ ಸಾಮಾನು ಹಾಕಿ ತೆಗೆಯುವವರಾದರೆ ಪಕ್ಕಕ್ಕೆ ತೆರೆಯುವುದು ವಾಸಿ. ಆದಷ್ಟು ಸ್ಟೆಪ್ನಿ ಬಾಗಿಲ ಮೇಲೆ ಇಲ್ಲದೆ ಕೆಳಗೆ ಇರುವುದನ್ನು ಹುಡುಕಿ. ಹಿಂದಿನಿಂದ ಯಾರಾದರೂ ಸಣ್ಣಗೆ ಗುದ್ದಿದರೂ ಪೆಟ್ಟು ಸ್ಟೆಪ್ನಿಗೆ, ಅಲ್ಲಿಂದ ಬಾಗಿಲಿಗೆ ಹೋಗುತ್ತದೆ.

ನಮ್ಮನೆಯವರು ಈಗಲೂ ಬಟನ್ ಬಾಗಿಲಿನ ಗಾಡಿಗಳನ್ನು ಫೋನಿನಲ್ಲಿ ನೋಡುತ್ತಿರುತ್ತಾರೆ. ಜುಲೈಯಲ್ಲಿ ಕೇಳಿದರೆ ನಾನೂ ಹೂಂ ಅನ್ನಬಹುದು. ಅವರು ಕೇಳೋದು ಯಾವಾಗಲೂ ಜನವರಿಯಲ್ಲಿ.