ವಿಎಸ್ ಕೋಡ್: ಬರೀ ಟ್ಯಾಬ್, ವಿಂಡೋ, ಪ್ರಾಜೆಕ್ಟ್ ಲೆಕ್ಕದಲ್ಲಿ

ಮೈಕ್ರೋಸಾಫ್ಟ್‌ನ ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ ಬಗ್ಗೆ ಬರೆಯುವವರೆಲ್ಲ ಎಕ್ಸ್‌ಟೆನ್ಷನ್ (ಮೇಲಿಂದ ಸೇರಿಸಿಕೊಳ್ಳುವ ಸೌಲಭ್ಯ), ಥೀಮ್, ಎಐ ಅಂತ ಶುರು ಮಾಡುತ್ತಾರೆ. ಒಂದೇ ಒಂದು ಎಕ್ಸ್‌ಟೆನ್ಷನ್ ಬಿಟ್ಟರೆ ನಾನು ಅದ್ಯಾವುದನ್ನೂ ಮುಟ್ಟುವುದಿಲ್ಲ. ವರ್ಷಗಳಿಂದ ಇದರಲ್ಲೇ ದುಡಿಯುತ್ತಿರುವ ನನಗೆ ಬೇಕಾಗಿರುವುದು ಒಂದೇ ಉತ್ತರ: ನಾಲ್ಕಾರು ಪ್ರಾಜೆಕ್ಟ್ ಒಟ್ಟಿಗೆ ತೆರೆದಿದ್ದಾಗ ಇದು ತಲೆ ಕೆಡಿಸುತ್ತದೋ ಇಲ್ಲವೋ? ಇನ್‌ಸ್ಟಾಲ್ ಮಾಡಿದ ಹಾಗೇ ಬಿಟ್ಟರೆ ಕೆಡಿಸುತ್ತದೆ. ಅರ್ಧ ಗಂಟೆ ಕೂತು ಸೆಟ್ಟಿಂಗ್ಸ್ ಸರಿ ಮಾಡಿಕೊಂಡರೆ ಕೆಡಿಸುವುದಿಲ್ಲ. ಒಳ್ಳೆಯದೆಲ್ಲ ಅಲ್ಲೇ ಅಡಗಿ ಕೂತಿದೆ.

ನನ್ನ ಕೆಲಸ ಏನು ಅಂತ ಹೇಳದಿದ್ದರೆ ಈ ವಿಮರ್ಶೆ ಅರ್ಥವಾಗುವುದಿಲ್ಲ. ಬೆಂಗಳೂರಿನ ರಾಜಾಜಿನಗರದ ಮನೆಯಿಂದಲೇ ಸಣ್ಣ ವ್ಯಾಪಾರಿಗಳ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಚಿಕ್ಕಪೇಟೆಯ ಸೀರೆ ಅಂಗಡಿ, ಪೀಣ್ಯದ ಒಂದು ವರ್ಕ್‌ಶಾಪ್, ಬಸವನಗುಡಿಯಲ್ಲಿ ಸಂಗೀತ ಹೇಳಿಕೊಡುವವರು, ಹೀಗೆ. ಇವರು ಯಾರೂ ಮೇಲ್ ಕಳಿಸುವುದಿಲ್ಲ, ನೇರ ಫೋನು. "ಸಾರ್, ಆ ಸೀರೆ ರೇಟ್ ಸ್ವಲ್ಪ ಚೇಂಜ್ ಮಾಡ್ಬಿಡಿ, ಕಸ್ಟಮರ್ ಇಲ್ಲೇ ನಿಂತಿದ್ದಾರೆ." ಪೀಣ್ಯದ ಕೋಡ್ ಮಧ್ಯೆ ಮುಳುಗಿರುವವನು ತಕ್ಷಣ ಚಿಕ್ಕಪೇಟೆಗೆ ಹೋಗಿ, ಎರಡು ನಿಮಿಷದಲ್ಲಿ ವಾಪಸ್ ಬಂದು, ಬಿಟ್ಟ ಸಾಲಿನಿಂದಲೇ ಮುಂದುವರಿಸಬೇಕು. ಪೀಣ್ಯ, ಚಿಕ್ಕಪೇಟೆ ಎರಡನ್ನೂ ಮುಟ್ಟುವ ಹಸಿರು ಮಾರ್ಗದ ಮೆಟ್ರೋಗೂ ಆಗದ ಕೆಲಸ.

ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, 2015ರಲ್ಲಿ ವಿಎಸ್ ಕೋಡ್ ಬಂದಾಗ ಅದರಲ್ಲಿ ಟ್ಯಾಬ್‌ಗಳೇ ಇರಲಿಲ್ಲ. 2016ರ ಏಪ್ರಿಲ್‌ನಲ್ಲಿ 1.0 ಬಿಡುಗಡೆ ಆದಾಗಲೂ ಇಲ್ಲ. ತೆರೆದ ಫೈಲ್‌ಗಳ ಪಟ್ಟಿ ಎಡಗಡೆ ಇರುತ್ತಿತ್ತು. ಪಕ್ಕಪಕ್ಕ ಮೂರು ಫೈಲ್ ಇಡಬಹುದಿತ್ತು, ಅದಕ್ಕಿಂತ ಜಾಸ್ತಿ ಇಲ್ಲ. ಟ್ಯಾಬ್ ಬಂದದ್ದು ಅದೇ ವರ್ಷ 1.3ರಲ್ಲಿ. ಮೂರರ ಮಿತಿ ಹೋಗಿ, ಮೇಲೆ ಕೆಳಗೆ ಬೇಕಾದ ಹಾಗೆ ಪರದೆ ಹಂಚಿಕೊಳ್ಳಲು ಆದದ್ದು 2018ರಲ್ಲಿ. ತಮಾಷೆ ಅಂದರೆ, 2023ರಲ್ಲಿ ಟ್ಯಾಬ್ ಸಾಲನ್ನು ಪೂರ್ತಿ ತೆಗೆದುಹಾಕುವ ಆಯ್ಕೆಯನ್ನೂ ಅವರೇ ಕೊಟ್ಟರು. ನಾನು ಈಗ ಅದನ್ನೇ ಬಳಸುತ್ತಿದ್ದೇನೆ. ಟ್ಯಾಬ್ ಸಾಲು ಇಲ್ಲ. ಫೈಲ್ ಬೇಕಾದರೆ ಕಂಟ್ರೋಲ್-ಪಿ ಒತ್ತಿ ಹೆಸರಿನ ಎರಡಕ್ಷರ ಹೊಡೆಯುತ್ತೇನೆ, ಹಿಂದಿನದು ಬೇಕಾದರೆ ಕಂಟ್ರೋಲ್-ಟ್ಯಾಬ್. ಯಾಕೆಂದರೆ ಇಪ್ಪತ್ತು ಟ್ಯಾಬ್ ಸಾಲಾಗಿ ನಿಂತ ಮೇಲೆ ಯಾರೂ ಅದನ್ನು ಓದುವುದಿಲ್ಲ, ಸುಮ್ನೆ ಅತ್ತಿತ್ತ ತಳ್ಳುತ್ತಾರೆ ಅಷ್ಟೇ.

ಎಲ್ಲರಿಗೂ ಇದನ್ನು ಹೇಳುವುದಿಲ್ಲ. ಟ್ಯಾಬ್ ಬೇಕು ಅನ್ನುವವರು ಎರಡು ವಿಷಯ ಗಮನಿಸಿ. ಒಂದು, ಎಡಗಡೆ ಪಟ್ಟಿಯಲ್ಲಿ ಫೈಲ್ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಅದು ಓರೆ ಅಕ್ಷರದಲ್ಲಿ ತೆರೆಯುತ್ತದೆ. ಇನ್ನೊಂದು ಫೈಲ್ ಕ್ಲಿಕ್ ಮಾಡಿದರೆ ಅದೇ ಜಾಗಕ್ಕೆ ಇದು ಬರುತ್ತದೆ. "ನನ್ನ ಫೈಲ್ ಎಲ್ಲಿ ಹೋಯ್ತು" ಅಂತ ಹೊಸಬರು ಬೈದುಕೊಳ್ಳುವುದು ಇದಕ್ಕೇ. ನನ್ನ ಮಟ್ಟಿಗೆ ಇದು ಒಳ್ಳೆಯ ಯೋಚನೆ. ಸುಮ್ಮನೆ ಇಣುಕಿ ನೋಡಿದ ಫೈಲಿಗೆಲ್ಲ ಖಾಯಂ ಜಾಗ ಯಾಕೆ? ಡಬಲ್ ಕ್ಲಿಕ್ ಮಾಡಿದರೆ ಅಥವಾ ಒಂದಕ್ಷರ ಬದಲಿಸಿದರೆ ಟ್ಯಾಬ್ ಉಳಿಯುತ್ತದೆ. (ಫೈಲ್ ಹೆಸರು ಕನ್ನಡದಲ್ಲಿದ್ದರೆ ಆ ಓರೆ ಅಕ್ಷರ ನೋಡಲು ವಿಚಿತ್ರ. ನಮ್ಮ ಹೆಚ್ಚಿನ ಫಾಂಟ್‌ಗಳಲ್ಲಿ ಓರೆ ರೂಪ ಇಲ್ಲ, ಹಾಗಾಗಿ ನೆಟ್ಟಗಿರುವ ಅಕ್ಷರವನ್ನೇ ಬಲವಂತವಾಗಿ ಬಾಗಿಸಿ ತೋರಿಸುತ್ತದೆ.) ಎರಡು, ಒಂದೇ ಹೆಸರಿನ ಫೈಲ್‌ಗಳು. ನನ್ನ ಪ್ರತಿ ಫೋಲ್ಡರಿನಲ್ಲೂ ಇಂಡೆಕ್ಸ್ ಅನ್ನುವ ಹೆಸರಿನ ಒಂದು ಫೈಲ್ ಇದೆ. ಎರಡು ಇಂಡೆಕ್ಸ್ ತೆರೆದರೆ ಪಕ್ಕದಲ್ಲಿ ಫೋಲ್ಡರ್ ಹೆಸರೂ ಸಣ್ಣದಾಗಿ ಕಾಣುತ್ತದೆ, ಅದು ಮೊದಲಿಂದ ಇದೆ. 2024ರಿಂದ ಟ್ಯಾಬ್ ಮೇಲಿನ ಹೆಸರನ್ನೇ ನಮಗೆ ಬೇಕಾದ ಹಾಗೆ ತೋರಿಸುವ ‘ಕಸ್ಟಮ್ ಲೇಬಲ್ಸ್’ ಬಂದಿದೆ. ಫೈಲ್ ಹೆಸರು ಬದಲಾಗುವುದಿಲ್ಲ, ಕಾಣುವುದು ಮಾತ್ರ ಬದಲಾಗುತ್ತದೆ. ಇದು ಚೆನ್ನಾಗಿದೆ.

ಈಗ ಅಸಲು ವಿಷಯ, ವಿಂಡೋ. ಒಬ್ಬ ಗಿರಾಕಿಗೆ ಒಂದು ವಿಂಡೋ, ಇದು ನನ್ನ ನಿಯಮ. ವಿಎಸ್ ಕೋಡ್ ತಾನಾಗಿ ಹಾಗೆ ಮಾಡುವುದಿಲ್ಲ. ಕಂಟ್ರೋಲ್-ಆರ್ ಒತ್ತಿ ಹಳೆಯ ಪ್ರಾಜೆಕ್ಟ್ ಆರಿಸಿ ಎಂಟರ್ ಹೊಡೆದರೆ, ಈಗಿರುವುದನ್ನು ಮುಚ್ಚಿ ಅದೇ ವಿಂಡೋದಲ್ಲಿ ತೆರೆಯುತ್ತದೆ. ಕಂಟ್ರೋಲ್ ಹಿಡಿದು ಎಂಟರ್ ಹೊಡೆದರೆ ಮಾತ್ರ ಹೊಸ ವಿಂಡೋ. ಈ ಒಂದು ಕೀಲಿ ಗೊತ್ತಿಲ್ಲದೆ ಎಷ್ಟು ಜನ ಒದ್ದಾಡುತ್ತಿದ್ದಾರೋ. ಪ್ರತಿ ಫೋಲ್ಡರ್ ತನ್ನ ಟ್ಯಾಬ್‌ಗಳನ್ನು, ಪರದೆ ಹಂಚಿಕೆಯನ್ನು ನೆನಪಿಟ್ಟುಕೊಳ್ಳುವುದರಿಂದ, ತಿಂಗಳ ಮೇಲೆ ತೆರೆದರೂ ಬಿಟ್ಟ ಹಾಗೇ ಸಿಗುತ್ತದೆ.

ಇದರ ಜೊತೆ ತಪ್ಪದೆ ಮಾಡಬೇಕಾದ್ದು ‘ಹಾಟ್ ಎಕ್ಸಿಟ್’ ಸೆಟ್ಟಿಂಗ್. ಸೇವ್ ಮಾಡದ ಬದಲಾವಣೆಗಳನ್ನು ಕೇಳದೆಯೇ ಕಾಪಾಡಿಟ್ಟು ಮುಂದಿನ ಸಲ ವಾಪಸ್ ಕೊಡುವ ಸೌಲಭ್ಯ ಇದು. ಆದರೆ ಡೀಫಾಲ್ಟ್ ಆಗಿ ಪೂರ್ತಿ ಎಡಿಟರಿನಿಂದ ಹೊರಬಂದಾಗ ಮಾತ್ರ ಕೆಲಸ ಮಾಡುತ್ತದೆ. ಹಲವು ವಿಂಡೋ ತೆರೆದಿದ್ದು ಅದರಲ್ಲಿ ಒಂದನ್ನು ಮುಚ್ಚಿದರೆ "ಸೇವ್ ಮಾಡಬೇಕಾ" ಅಂತ ಕೇಳುತ್ತದೆ. ಗಿರಾಕಿ ಫೋನಿನಲ್ಲಿ ಕಾಯುತ್ತಿರುವಾಗ ಆ ಪ್ರಶ್ನೆಗೆ ಯೋಚಿಸಿ ಉತ್ತರ ಕೊಡುವವರು ಯಾರು? ವಿಂಡೋ ಮುಚ್ಚಿದಾಗಲೂ ಕಾಪಾಡು ಅನ್ನುವ ಆಯ್ಕೆ ಅಲ್ಲೇ ಇದೆ, ಹಾಕಿಕೊಳ್ಳಿ. ಅರ್ಧಂಬರ್ಧ ಬರೆದ ಸಾಲು ಅರ್ಧಂಬರ್ಧವಾಗಿಯೇ ಇರಬೇಕು. ಅದನ್ನು ಈಗಲೇ ತೀರ್ಮಾನ ಮಾಡು ಅಂತ ಎಡಿಟರ್ ಒತ್ತಾಯಿಸಬಾರದು.

ವಿಂಡೋ ಜಾಸ್ತಿ ಆದರೆ ಎಲ್ಲವೂ ಒಂದೇ ಥರ ಕಾಣುತ್ತದೆ, ಅಲ್ವಾ? ಅದಕ್ಕೆ ಬಣ್ಣ. ಪ್ರಾಜೆಕ್ಟಿನ ಸ್ವಂತ ಸೆಟ್ಟಿಂಗ್ಸ್‌ನಲ್ಲಿ ಟೈಟಲ್ ಬಾರ್ ಬಣ್ಣ ಬದಲಿಸಬಹುದು. ಕೈಯಿಂದ ಬರೆಯಲು ಬೇಜಾರಾದರೆ ಪೀಕಾಕ್ ಅನ್ನುವ ಎಕ್ಸ್‌ಟೆನ್ಷನ್ ಇದೆ. ಸೀರೆ ಅಂಗಡಿ ಕಡುಗೆಂಪು, ಪೀಣ್ಯ ಬೂದು. ಹೆಸರು ಓದುವ ಮೊದಲೇ ಎಲ್ಲಿದ್ದೇನೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಇದು ಮೊದಲ ದಿನದಿಂದ ತಾನಾಗಿಯೇ ಬರಬೇಕಿತ್ತು.

ಇಷ್ಟೊಂದು ವಿಂಡೋ ಇಡುವುದಕ್ಕೆ ಬೆಲೆ ಮೆಮೊರಿ. ವಿಎಸ್ ಕೋಡನ್ನು ಎಲೆಕ್ಟ್ರಾನ್ ಮೇಲೆ, ಅಂದರೆ ಒಳಗೆ ಒಂದು ಬ್ರೌಸರನ್ನೇ ಇಟ್ಟುಕೊಂಡ ಚೌಕಟ್ಟಿನ ಮೇಲೆ ಕಟ್ಟಿದ್ದು, ಪ್ರತಿ ವಿಂಡೋಗೂ ಎಕ್ಸ್‌ಟೆನ್ಷನ್‌ಗಳು ಬೇರೆಯಾಗಿ ಓಡುತ್ತವೆ. 8 ಜಿಬಿಯಲ್ಲಿ ಬ್ರೌಸರ್ ಜೊತೆ ನಾಲ್ಕು ವಿಂಡೋ ಇಟ್ಟರೆ ಯಂತ್ರ ಏದುಸಿರು ಬಿಡುತ್ತದೆ. ನಾನು ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು 8 ಜಿಬಿ ಹಾಕಿಸಿಕೊಂಡು ಬಂದೆ. ಎಡಿಟರ್ ಪುಕ್ಕಟೆ, ರ್‍ಯಾಮ್ ಪುಕ್ಕಟೆ ಅಲ್ಲ. ಹಗುರ ಬೇಕು ಅನ್ನುವವರಿಗೆ ಸಬ್ಲೈಮ್ ಟೆಕ್ಸ್ಟ್ ಅನ್ನುವ ಇನ್ನೊಂದು ಎಡಿಟರ್ ಇದೆ. ಅದರ ಒಂದು ವಿಷಯ ನನಗೆ ಇಂದಿಗೂ ಇಷ್ಟ: ಪ್ರಾಜೆಕ್ಟಿನ ವಿವರಕ್ಕೆ ಒಂದು ಫೈಲ್, ನೀವು ಏನೇನು ತೆರೆದಿದ್ದಿರಿ ಅನ್ನುವುದಕ್ಕೆ ಇನ್ನೊಂದು. ಮೊದಲನೆಯದನ್ನು ಜೊತೆಯವರಿಗೆ ಕೊಡಬಹುದು, ಎರಡನೆಯದು ನಿಮ್ಮದೇ. ಅಷ್ಟು ಸ್ಪಷ್ಟತೆ ವಿಎಸ್ ಕೋಡ್‌ನಲ್ಲಿ ಇಲ್ಲ.

2017ರ ಕೊನೆಗೆ ಬಂದ ಮಲ್ಟಿ-ರೂಟ್, ಅಂದರೆ ಒಂದೇ ವಿಂಡೋದಲ್ಲಿ ಹಲವು ಫೋಲ್ಡರ್, ನನಗೆ ಅಷ್ಟಾಗಿ ಉಪಯೋಗವಾಗಿಲ್ಲ. ಒಬ್ಬರದೇ ಸೈಟ್ ಮತ್ತು ಅದರ ಅಡ್ಮಿನ್ ಭಾಗಕ್ಕೆ ಸರಿ. ಬೇರೆ ಬೇರೆ ಗಿರಾಕಿಗಳನ್ನು ಒಟ್ಟಿಗೆ ಹಾಕಿದರೆ ಹುಡುಕಾಟದಲ್ಲಿ ಎಲ್ಲರ ಫೈಲೂ ಕಲಸಿಕೊಂಡು ಬರುತ್ತದೆ.

ತೇಲುವ ವಿಂಡೋ ಕತೆ ಬೇರೆ. ಟ್ಯಾಬನ್ನು ಹೊರಗೆ ಎಳೆದು ಎರಡನೇ ಮಾನಿಟರ್‌ಗೆ ಹಾಕಬೇಕು ಅಂತ ಜನ 2016ರಿಂದ ಕೇಳುತ್ತಿದ್ದರು. ಬಂದದ್ದು 2023ರ ಕೊನೆಗೆ. ಅದರಲ್ಲಿ ಎಡಗಡೆಯ ಫೈಲ್ ಪಟ್ಟಿ ಇರುವುದಿಲ್ಲ, ಮುಖ್ಯ ವಿಂಡೋ ಮುಚ್ಚಿದರೆ ಅದೂ ಮುಚ್ಚುತ್ತದೆ. ಲಾಗ್ ಫೈಲ್ ನೋಡಿಕೊಂಡಿರಲು ಸಾಕು.

ಗಿಟ್ (ಕೋಡ್ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಬಳಸುವವರು ‘ವರ್ಕಿಂಗ್ ಸೆಟ್ಸ್’ ಹುಡುಕಿ ಆನ್ ಮಾಡಿಕೊಳ್ಳಿ. ಬ್ರಾಂಚ್, ಅಂದರೆ ಅದೇ ಕೋಡಿನ ಬೇರೆ ಕವಲು, ಬದಲಿಸಿದರೆ ಟ್ಯಾಬ್‌ಗಳೂ ಬದಲಾಗುತ್ತವೆ, ವಾಪಸ್ ಬಂದರೆ ಹಳೆಯವು ಬರುತ್ತವೆ. ಇದೂ ಡೀಫಾಲ್ಟ್ ಆಗಿ ಆಫ್. ನನಗೆ ಇದನ್ನು ಬ್ರಾಂಚ್ ಇಲ್ಲದೆಯೂ ಹೆಸರಿಟ್ಟು ಬಳಸುವ ಹಾಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆ: "ರೇಟ್ ಬದಲಿಸುವ ಕೆಲಸ" ಅಂದರೆ ಈ ಮೂರು ಫೈಲ್, ಅಷ್ಟೇ.

ಇನ್ನು ಲಿನಕ್ಸ್‌ನವನ ಹೊಟ್ಟೆಕಿಚ್ಚು ಒಂದಿದೆ. ಮ್ಯಾಕ್‌ನಲ್ಲಿ ‘ನೇಟಿವ್ ಟ್ಯಾಬ್ಸ್’ ಹಾಕಿದರೆ ಹಲವು ಪ್ರಾಜೆಕ್ಟ್ ವಿಂಡೋಗಳು ಒಂದೇ ಚೌಕಟ್ಟಿನಲ್ಲಿ ಸಾಲಾಗಿ ಕೂರುತ್ತವೆ. ಅಲ್ಲಿ ಟ್ಯಾಬ್ ಅಂದರೆ ಫೈಲ್ ಅಲ್ಲ, ಪ್ರಾಜೆಕ್ಟ್. ನನಗೆ ಬೇಕಿದ್ದ ಟ್ಯಾಬ್ ಅದೇ. ವಿಂಡೋಸ್, ಲಿನಕ್ಸ್‌ಗೆ ಇದನ್ನು ಕೊಟ್ಟಿಲ್ಲ. ಸದ್ಯಕ್ಕೆ ಡೆಸ್ಕ್‌ಟಾಪನ್ನೇ ನಾಲ್ಕು ವರ್ಕ್‌ಸ್ಪೇಸ್ ಮಾಡಿಕೊಂಡು, ಚಿಕ್ಕಪೇಟೆಗೆ ಒಂದನೆಯದು ಅಂತ ಗೊತ್ತು ಮಾಡಿಟ್ಟಿದ್ದೇನೆ. ಜಾಸ್ತಿ ಫೋನ್ ಬರುವುದು ಅಲ್ಲಿಂದಲೇ.