ರೊಟ್ಟಿ ಮುಗಿದರೆ ಬಾಗಿಲು ಮುಚ್ಚುವ ಖಾನಾವಳಿ

ಹುಬ್ಬಳ್ಳಿಯ ದುರ್ಗದಬೈಲಿನಿಂದ ಒಳಕ್ಕೆ ಹೊರಳುವ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಖಾನಾವಳಿ ಇದೆ. ಅಲ್ಲಿ ಒಮ್ಮೆಗೆ ಕುಳಿತು ಉಣ್ಣಬಹುದಾದವರು 16 ಜನ. ಎರಡು ವರ್ಷಗಳ ಹಿಂದೆ ನಾನು ಮೊದಲ ಸಲ ಮೆಟ್ಟಿಲು ಹತ್ತಿ ಹೋದಾಗ ಮಧ್ಯಾಹ್ನ ಎರಡು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಬಾಗಿಲ ಬಳಿ ನಿಂತಿದ್ದ ಯಜಮಾನತಿ ನನ್ನನ್ನು ನೋಡಿ, “ರೊಟ್ಟಿ ಮುಗದಾವ್ರಿ, ಅನ್ನ ಸಾರು ಐತಿ, ಉಣ್ತೀರೇನು?” ಎಂದು ಕೇಳಿದರು. ಅವರ ಪಕ್ಕದ ಬುಟ್ಟಿಯಲ್ಲಿ ಬಿಳಿ ಅರಿವೆಯ ಅಂಚಿನಿಂದ ನಾಲ್ಕು ರೊಟ್ಟಿಗಳು ಕಾಣುತ್ತಿದ್ದವು. ನಾನು ಅತ್ತ ನೋಡಿದ್ದನ್ನು ಗಮನಿಸಿದ ಅವರು, “ಅವು ಬ್ಯಾರೆಯವರವು” ಎಂದರು. ಹಸಿದು ಬಂದಿದ್ದ ನನಗೆ ಆ ಮಾತು ಒರಟಾಗಿ ಕೇಳಿಸಿತು. ಅನ್ನ ಸಾರು ಉಂಡು, ಸಾರು ರುಚಿಯಾಗಿತ್ತೆಂಬುದನ್ನು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡು ಇಳಿದು ಬಂದೆ. ಮರುದಿನ ಹನ್ನೆರಡೂವರೆಗೇ ಹೋದೆ. ಈಗ ನಾನು ಅಲ್ಲಿಯ ತಿಂಗಳ ಊಟದವರಲ್ಲಿ ಒಬ್ಬ.

ಈ ಖಾನಾವಳಿಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅದು ಅವರದೇ ಕೋರಿಕೆ. ಹೆಸರು ಬರೆದರೆ ಜನ ಹೆಚ್ಚುತ್ತಾರೆ, ಹೆಚ್ಚಿದವರಿಗೆಲ್ಲ ಇಲ್ಲವೆನ್ನಬೇಕಾಗುತ್ತದೆ, ಉಣ್ಣಲು ಬಂದವರಿಗೆ ಇಲ್ಲವೆನ್ನುವುದು ತಮ್ಮಿಂದ ಆಗದು ಎಂದು ಅವರು ಹೇಳಿದರು. ಇಪ್ಪತ್ತು ವರ್ಷಗಳಿಂದ ಒಂದೇ ಮಹಡಿಯಲ್ಲಿ ನಡೆಯುತ್ತಿರುವ, ನಾಲ್ವರು ಹೆಣ್ಣುಮಕ್ಕಳಿಗೆ ವಾರದ ರಜೆಯೊಡನೆ ಕೆಲಸ ಕೊಟ್ಟಿರುವ, ಯಾವ ಸಾಲವನ್ನೂ ಹೊತ್ತುಕೊಳ್ಳದ ಈ ಉದ್ಯೋಗವನ್ನು ನಾನು ಗೆದ್ದ ಉದ್ಯೋಗವೆಂದೇ ಕರೆಯುತ್ತೇನೆ. ಅದರ ಗೆಲುವು ಎಲ್ಲಿದೆ ಎಂಬುದನ್ನು ವಿವರವಾಗಿ ಹೇಳಬೇಕೆಂದೇ ಈ ವಿಮರ್ಶೆಗೆ ಕೈಹಾಕಿದ್ದೇನೆ.

ಮೊದಲು ರೊಟ್ಟಿಯ ವಿಚಾರ. ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನ ಅಂಟು ಇರುವುದಿಲ್ಲವಾದ್ದರಿಂದ ಅದನ್ನು ತಣ್ಣೀರಿನಲ್ಲಿ ಕಲಸಿ ಲಟ್ಟಣಿಗೆಯಿಂದ ಎಳೆದರೆ ಅಂಚು ಸೀಳುತ್ತದೆ. ಕುದಿಯುವ ಎಸರು ಸುರಿದು, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಿದಾಗ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಬೀಸಿದ ಹಿಟ್ಟು ಹಳತಾದಂತೆ ಆ ಜಿಗಿಯೂ ಕಡಿಮೆಯಾಗುತ್ತದೆ. ಆದ್ದರಿಂದ ಇಲ್ಲಿ ಹಿಂಗಾರಿಯ ಬಿಳಿ ಮಾಲದಂಡಿ ಜೋಳವನ್ನು ಸುಗ್ಗಿಯಲ್ಲೇ ನವಲಗುಂದದ ಕಡೆಯ ರೈತರಿಂದ ಚೀಲಗಟ್ಟಲೆ ತಂದಿಟ್ಟುಕೊಂಡು, ಎರಡು ದಿನಕ್ಕೊಮ್ಮೆ ಬೇಕಾದಷ್ಟನ್ನೇ ಗಿರಣಿಗೆ ಕಳಿಸುತ್ತಾರೆ. ಎರೆಭೂಮಿಯ ಆ ಜೋಳ ಮಳೆಗಾಲದ ಕೊನೆಗೆ ಬಿತ್ತನೆಯಾಗಿ, ನೆಲದೊಳಗಿನ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಬೆಳೆಯುತ್ತದೆ. ರೊಟ್ಟಿಯಲ್ಲಿ ಸಣ್ಣಗೆ ತಾಗುವ ಸಿಹಿ ಆ ಜೋಳದ್ದು.

ಅಡುಗೆಮನೆಯ ಬಾಗಿಲಿಗೆ ಹತ್ತಿರದ ಜಾಗ ಸಿಕ್ಕರೆ ಬಡಿಯುವ ಕೆಲಸವನ್ನು ಕಣ್ಣಾರೆ ನೋಡಬಹುದು. ಹಿಟ್ಟು ನಾದುವ ಕೊಣಮಿಗೆಯಿಂದ ಒಂದು ಉಂಡೆ ಹಿಟ್ಟನ್ನು ಕಿತ್ತು, ಕೆಳಗೆ ಒಣಹಿಟ್ಟು ಹರಡಿ, ಬಲಗೈ ಬಡಿಯುತ್ತಿರುವಾಗಲೇ ಎಡಗೈ ಅಂಚನ್ನು ಕಾಯುತ್ತ ತಿರುಗಿಸುತ್ತದೆ. ಸಪ್ಪಳ ಮೊದಲು ದಪ್ಪಗೆ ಕೇಳಿ, ರೊಟ್ಟಿ ತೆಳುವಾದಂತೆ ತೆಳ್ಳಗಾಗುತ್ತ ಹೋಗುತ್ತದೆ. ಅನುಭವಿಗಳು ಆ ಸಪ್ಪಳ ಕೇಳಿಯೇ ಸಾಕೆಂದು ಕೈ ತೆಗೆಯುತ್ತಾರೆ. ಹಂಚಿಗೆ ಹಾಕಿದೊಡನೆ ಒದ್ದೆ ಅರಿವೆಯಿಂದ ಮೇಲ್ಮೈಯನ್ನು ಸವರಿ ಒಣಹಿಟ್ಟನ್ನು ತೊಳೆದು, ನೀರು ಆರುವ ಹೊತ್ತಿಗೆ ಮಗುಚಿ, ಕೊನೆಗೆ ಅಂಚುಗಳನ್ನು ಒತ್ತಿದರೆ ರೊಟ್ಟಿ ಪೂರ್ತಿ ಉಬ್ಬಿ ನಿಲ್ಲುತ್ತದೆ. ತಟ್ಟೆಗೆ ಬಂದಾಗ ಅದರ ಮೇಲ್ಪದರವನ್ನು ಬೆರಳಿನಿಂದ ಚುಚ್ಚಿದರೆ ಒಳಗಿನ ಹಬೆ ಮುಖಕ್ಕೆ ಬಡಿಯುತ್ತದೆ. ಮೇಲಿನ ಪದರ ಕಾಗದದಂತೆ ತೆಳ್ಳಗಿದ್ದು, ಕೆಳಗಿನದು ಮೆತ್ತಗಿದ್ದರೆ ಬಡಿದ ಕೈ ಪಳಗಿದ್ದು ಎಂದು ತಿಳಿಯಬೇಕು. ಇಲ್ಲಿ ನಾನು ಉಂಡ ನೂರಾರು ರೊಟ್ಟಿಗಳಲ್ಲಿ ಉಬ್ಬದೆ ಬಂದವುಗಳನ್ನು ಬೆರಳಲ್ಲಿ ಎಣಿಸಬಹುದು.

ದಿನಕ್ಕೆ 20 ಕಿಲೋ ಹಿಟ್ಟು, ಸುಮಾರು 250 ರೊಟ್ಟಿ. ತಿಂಗಳ ಊಟದವರು 40 ಜನ, ಉಳಿದದ್ದು ದಾರಿಹೋಕರಿಗೆ. ಮೂವರು ಕುಳಿತು ಬಡಿದರೆ, ಕೊನೆಯ ರೊಟ್ಟಿಯೂ ಮೊದಲನೆಯದರಂತೆಯೇ ಬರುವ ಮಿತಿ ಇಷ್ಟು ಎಂಬುದು ಅವರು ವರ್ಷಗಳ ಅನುಭವದಿಂದ ಕಂಡುಕೊಂಡ ಲೆಕ್ಕ. ಹಬ್ಬದ ಮುನ್ನಾದಿನ ಐದು ಕಿಲೋ ಹೆಚ್ಚಿಗೆ ನಾದಿ ನೋಡಿದರಂತೆ. ಒಂದೂವರೆಯ ನಂತರದ ರೊಟ್ಟಿಗಳು ದಪ್ಪಗಾದವು, ತೋಳು ಸೋತಿತು, ಉಂಡವರು ಏನೂ ಅನ್ನಲಿಲ್ಲ, ಆದರೆ ಬಡಿದವರಿಗೆ ಗೊತ್ತಾಯಿತು. ಅಂದಿನಿಂದ ಹಿಟ್ಟಿನ ಅಳತೆಯನ್ನು ಏರಿಸಿಲ್ಲ. ಮನೆಗೆ ಊಟ ತಲುಪಿಸುವ ಆ್ಯಪ್‌ಗಳವರು ಎರಡು ಸಲ ಬಂದು ಕೇಳಿದಾಗಲೂ ಒಪ್ಪಿಕೊಂಡಿಲ್ಲ. ಬಿಸಿ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿ ಅರ್ಧ ಗಂಟೆ ತಿರುಗಿಸಿದರೆ ಬೆವೆತು ತೊಗಲಿನಂತಾಗುತ್ತದೆ, ತಮ್ಮ ಕೈಯ ರೊಟ್ಟಿಯನ್ನು ಯಾರೂ ಹಾಗೆ ಉಣ್ಣಬಾರದು ಎಂಬುದು ಅವರ ಉತ್ತರ. ಕಟ್ಟಿಸಿಕೊಂಡು ಹೋಗುವವರಿಗೆ ಖಡಕ್ ರೊಟ್ಟಿ ಇದೆ, ಅದು ಪ್ರಯಾಣಕ್ಕೆಂದೇ ಹುಟ್ಟಿದ್ದು.

ರೊಟ್ಟಿಯ ಜೊತೆಗಿನ ಪದಾರ್ಥಗಳೂ ಹಿಂದೆ ಬಿದ್ದಿಲ್ಲ. ಮುಳಗಾಯಿ ಎಣಗಾಯಿಗೆ ಚಿಕ್ಕ ಕಾಯಿಗಳನ್ನೇ ಆರಿಸಿ, ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲದ ಮಸಾಲೆ ತುಂಬುತ್ತಾರೆ. ಬಣ್ಣಕ್ಕೆ ಬ್ಯಾಡಗಿಯ ಮೆಣಸಿನಕಾಯಿ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಸುಕ್ಕುಗಟ್ಟಿದ ಸಿಪ್ಪೆಯ ಆ ಕಾಯಿ ಕೆಂಪನ್ನು ಧಾರಾಳವಾಗಿ ಕೊಟ್ಟು ಖಾರವನ್ನು ಹಿಡಿತದಲ್ಲಿಡುತ್ತದೆ. ಎಣಗಾಯಿ ಕೆಂಪಗೆ ಕಂಡರೂ ನಾಲಿಗೆಯನ್ನು ಸುಡದಿರುವುದಕ್ಕೆ ಅದೇ ಕಾರಣ. ಮಡಿಕಿಕಾಳಿನ ಪಲ್ಯ ದಿನವೂ ಇರುತ್ತದೆ, ಜುಣಕ ವಾರಕ್ಕೆರಡು ಸಲ, ಪುಂಡಿಪಲ್ಯ ಸೊಪ್ಪು ಎಳೆಯದಾಗಿ ಸಿಕ್ಕಾಗ ಮಾತ್ರ. ಹಸಿ ತೊಪ್ಪಲಿನ ತಟ್ಟೆಯಲ್ಲಿ ಮೆಂತೆ, ಉಳ್ಳಾಗಡ್ಡಿ, ಗಜ್ಜರಿ, ಸಿಕ್ಕ ದಿನ ಹಕ್ಕರಿಕೆ ಇರುತ್ತವೆ. ಎಳ್ಳಮಾವಾಸ್ಯೆಯ ಸುತ್ತಮುತ್ತ ಕೆಲವು ದಿನ ಕರಿಂಡಿ ಮಾಡುತ್ತಾರೆ. ಅಗಸೆ ಮತ್ತು ಹಸಿಮೆಣಸಿನಕಾಯಿಯೊಡನೆ ಹುಳಿಯೇರಿದ ಅದರ ಘಾಟು ಮೂಗಿಗೆ ಏರಿದಾಗ, ಬೇರೆ ಊರಿನಿಂದ ಬಂದ ನನ್ನ ಗೆಳೆಯನೊಬ್ಬ ಮೊದಲು ಮುಖ ಸಿಂಡರಿಸಿ, ನಂತರ ಮೂರು ಸಲ ಹಾಕಿಸಿಕೊಂಡ.

ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಮೆಟ್ಟಿಲು ಕಡಿದಾಗಿದ್ದು, ಮಂಡಿನೋವಿನ ಹಿರಿಯರಿಗೆ ಹತ್ತುವುದು ಕಷ್ಟ. ಕೈತೊಳೆಯಲು ಇರುವುದು ಒಂದೇ ನಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಛಾವಣಿಯ ಕಾವು ಒಲೆಯ ಕಾವಿನೊಡನೆ ಸೇರಿ ಒಳಗೆ ಕೂರುವುದೇ ತ್ರಾಸಾಗುತ್ತದೆ. ಅನ್ನ ಹಲವು ಸಲ ಮೆತ್ತಗಾಗಿರುತ್ತದೆ. ಅಲ್ಲಿ ಯಾರ ಗಮನವೂ ಅನ್ನದ ಮೇಲೆ ಇಲ್ಲವೆಂದೇ ನನ್ನ ಭಾವನೆ. ಊಟಕ್ಕೆ 90 ರೂಪಾಯಿ, ಎರಡು ರೊಟ್ಟಿಯ ಮೇಲೆ ಬೇಕಾದರೆ ಪ್ರತಿ ರೊಟ್ಟಿಗೆ ಬೇರೆ ಹಣ. ಪಲ್ಯ, ಹಿಂಡಿ, ಮಜ್ಜಿಗೆಗೆ ಲೆಕ್ಕವಿಲ್ಲ.

ಈ ಅಳತೆಯ ವಿವೇಕ ನಮ್ಮ ಅವಳಿ ನಗರಕ್ಕೆ ಹೊಸದೇನೂ ಅಲ್ಲ. ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಲೈನ್ ಬಜಾರಿನ ಪೇಡೆಯ ಅಂಗಡಿಯ ಮುಂದೆ ನಿಂತವರಿಗೆ ಅದರ ಪರಿಚಯವಿದೆ. ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ ಮನೆತನ ಧಾರವಾಡದಲ್ಲಿ ಪೇಡೆ ಮಾಡತೊಡಗಿತು, ಬಾಬುಸಿಂಗ್ ಠಾಕೂರರ ಹೆಸರಿನಲ್ಲಿ ಅದು ಮನೆಮಾತಾಯಿತು. ಹಾಲನ್ನು ಖೋವಾ ಮಾಡಿ, ಸಕ್ಕರೆ ಬೆರೆಸಿ, ಕಂದು ಬಣ್ಣಕ್ಕೆ ತಿರುಗುವ ತನಕ ಬಿಡದೆ ಕೈಯಾಡಿಸುತ್ತ ಹುರಿಯುವ ಆ ಕೆಲಸಕ್ಕೆ ಅವಸರ ಒಗ್ಗದು. ಬೆಂಕಿ ಜೋರಾದರೆ ತಳ ಹಿಡಿಯುತ್ತದೆ, ಬೇಗ ಇಳಿಸಿದರೆ ಬಣ್ಣವೂ ಬರುವುದಿಲ್ಲ, ಹುರಿದ ಹಾಲಿನ ಪರಿಮಳವೂ ಬರುವುದಿಲ್ಲ. ಒಂದು ಪೇಡೆಯನ್ನು ಮುರಿದರೆ ಒಳಗೆ ಸಣ್ಣ ಸಣ್ಣ ಹರಳಿನಂಥ ಕಣಗಳು ಕಾಣುತ್ತವೆ, ಹೊರಗಿನ ಸಕ್ಕರೆಪುಡಿ ಬೆರಳ ತುದಿಗೆ ಅಂಟಿ ಉಳಿಯುತ್ತದೆ. ಧಾರವಾಡ ಪೇಡೆಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಪೇಡೆಗೆ ಹಾಲು ಕೊಡುವ ಈ ಸೀಮೆಯ ಧಾರವಾಡಿ ಎಮ್ಮೆಯೂ ಈಚೆಗೆ ಪ್ರತ್ಯೇಕ ತಳಿಯೆಂದು ದಾಖಲಾಗಿದೆ. 1933ರಲ್ಲಿ ಆರಂಭವಾದ ಮಿಶ್ರಾ ಪೇಡೆಯವರು ದಾರಿ ಬೇರೆ ಹಿಡಿದು, ಮಳಿಗೆಗಳನ್ನು ಹೆಚ್ಚಿಸುತ್ತ ಊರೂರಿಗೆ ಬೆಳೆದರು. ಅದೂ ಗೆಲುವೇ, ಬಸ್ ನಿಲ್ದಾಣದಲ್ಲಿ ಕೊನೆಯ ಗಳಿಗೆಗೆ ಒಂದು ಪೆಟ್ಟಿಗೆ ಪೇಡೆ ಸಿಗುವುದರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಒಲವು ಕಡಾಯಿಯ ಅಳತೆಗೆ ಮಾರಾಟವನ್ನು ಹೊಂದಿಸಿಕೊಂಡವರ ಕಡೆಗೆ.

ಅದೇ 1933ರಲ್ಲಿ ಧಾರವಾಡದಲ್ಲಿ ಇನ್ನೊಂದು ಉದ್ಯೋಗವೂ ಕಣ್ಣು ತೆರೆಯಿತು. ‘ಜಡಭರತ’ ಎಂಬ ಕಾವ್ಯನಾಮದ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಅದು. ಸುಭಾಸ ರಸ್ತೆಯ ಮೇಲುಮಹಡಿಯ ಅದರ ಅಟ್ಟವನ್ನು ಹತ್ತಿದ ಲೇಖಕರ ಹೆಸರುಗಳನ್ನು ಜೋಡಿಸಿದರೆ ಆಧುನಿಕ ಕನ್ನಡ ಸಾಹಿತ್ಯದ ದೊಡ್ಡ ಭಾಗವೇ ಎದ್ದು ನಿಲ್ಲುತ್ತದೆ. ಕೀರ್ತಿನಾಥ ಕುರ್ತಕೋಟಿಯವರು ಅದರ ಸಾಹಿತ್ಯ ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಅಲ್ಲಿಂದಲೇ ಹೊರಬಂದಿತು. ರೊಟ್ಟಿಯ ಖಾನಾವಳಿಯ ಮಾತಿನ ನಡುವೆ ಇದನ್ನು ತರಲು ಕಾರಣವಿದೆ. ಗ್ರಂಥಮಾಲೆ ನಿಂತದ್ದು ಚಂದಾದಾರರ ಮೇಲೆ. ಓದುವವರು ಮೊದಲೇ ಹಣ ಕೊಟ್ಟು ಹೆಸರು ಬರೆಸುತ್ತಿದ್ದರು, ಹೊಸ ಲೇಖಕನ ಪುಸ್ತಕವನ್ನು ಧೈರ್ಯದಿಂದ ಅಚ್ಚಿಗೆ ಕೊಡಲು ಆ ಹೆಸರುಗಳೇ ಬಂಡವಾಳವಾಗುತ್ತಿದ್ದವು. ಯಾರಿಗಾಗಿ ಮಾಡುತ್ತಿದ್ದೇವೆಂಬುದು ಗೊತ್ತಿದ್ದಾಗ ಎಷ್ಟು ಮಾಡಬೇಕೆಂಬುದೂ ತಿಳಿಯುತ್ತದೆ. ನಮ್ಮ ಖಾನಾವಳಿಯ ಗೋಡೆಗೆ ತೂಗುಹಾಕಿದ ತಿಂಗಳ ಊಟದವರ ವಹಿಯೂ ಅಂಥ ಚಂದಾದಾರರ ಪಟ್ಟಿಯೇ. ತಿಂಗಳ ಮೊದಲ ವಾರ ಆ 40 ಜನ ಕೊಡುವ ಹಣದಿಂದಲೇ ಜೋಳದ ಚೀಲ, ಶೇಂಗಾ, ಎಣ್ಣೆಗಳ ಖರೀದಿ ನಡೆಯುತ್ತದೆ. ಬ್ಯಾಂಕಿನ ಬಾಗಿಲು ಬಡಿಯುವ ಪ್ರಸಂಗ ಬಾರದಿರುವುದು ಇದರಿಂದಲೇ ಎಂದು ಅವರು ವಹಿಯ ಮೇಲೆ ಕೈಯಿಟ್ಟು ಹೇಳಿದರು.

ಹೋಗಬಯಸುವವರಿಗೆ ಒಂದು ಸೂಚನೆ. ಹನ್ನೆರಡೂವರೆಗೆ ಹೋದರೆ ಕಾಯುವ ಕೆಲಸವಿಲ್ಲ, ಒಂದೂಕಾಲರ ನಂತರ ಮೆಟ್ಟಿಲ ಮೇಲೆ ನಿಲ್ಲಬೇಕಾಗುತ್ತದೆ, ಎರಡರ ಹೊತ್ತಿಗೆ ನಾನು ಮೊದಲ ದಿನ ಕೇಳಿದ ಮಾತನ್ನೇ ಕೇಳಬೇಕಾಗುತ್ತದೆ. ರವಿವಾರ ರಜೆ. ವಿಳಾಸ ಬೇಕಾದವರು ದುರ್ಗದಬೈಲಿನಲ್ಲಿ ಪಾತ್ರೆ ಮಾರುವವರನ್ನು ಕೇಳಿದರೆ ಸಾಕು, ಅವರಲ್ಲಿ ಹೆಚ್ಚಿನವರು ಉಣ್ಣುವುದು ಅಲ್ಲಿಯೇ.

ಕಳೆದ ತಿಂಗಳು ಗದಗಿಗೆ ಕೆಲಸದ ಮೇಲೆ ಹೋಗಿದ್ದ ನಾನು ಮರಳಿ ಬರುವಾಗ ರೈಲು ಅಣ್ಣಿಗೇರಿಯ ಬಳಿ ಬಹಳ ಹೊತ್ತು ನಿಂತುಬಿಟ್ಟಿತು. ಖಾನಾವಳಿಯ ಮೆಟ್ಟಿಲು ಹತ್ತುವಾಗ ಎರಡೂಕಾಲು ದಾಟಿತ್ತು, ಒಲೆ ಆರಿತ್ತು, ಒಬ್ಬರು ಕೊಣಮಿಗೆಯನ್ನು ತೊಳೆಯುತ್ತಿದ್ದರು. ನನ್ನ ಮುಂದೆಯೇ ಹತ್ತಿದ ಇಬ್ಬರು ಹುಡುಗರು ರೊಟ್ಟಿ ಇಲ್ಲವೆಂದು ಕೇಳಿಸಿಕೊಂಡು, ಬುಟ್ಟಿಯತ್ತ ನೋಡುತ್ತ ನಿಂತಿದ್ದರು. ಯಜಮಾನತಿ ಅವರಿಗೆ ಅನ್ನ ಸಾರು ಬಡಿಸಲು ಹೇಳಿ, ಬಿಳಿ ಅರಿವೆಯನ್ನು ಸರಿಸಿ, ಕೆಳಗಿದ್ದ ಎರಡು ರೊಟ್ಟಿಗಳನ್ನು ನನ್ನ ತಟ್ಟೆಗೆ ಹಾಕಿದರು. ಅವು ಆರಿದ್ದವು, ಅಂಚು ಸ್ವಲ್ಪ ಗಟ್ಟಿಯಾಗಿತ್ತು. ಹುಡುಗರಲ್ಲಿ ಒಬ್ಬ ನನ್ನ ತಟ್ಟೆಯನ್ನೇ ನೋಡುತ್ತಿದ್ದುದರಿಂದ ನಾನು ಒಂದನ್ನು ಮುರಿದು ಅವರಿಬ್ಬರಿಗೂ ಕೊಟ್ಟೆ. ನಾಳೆ ಹನ್ನೆರಡೂವರೆಗೆ ಬರುವಂತೆ ಹೇಳಿದೆ.