ಕೃಷಿ ರೊಬೊಟಿಕ್ಸ್ ಕಿಟ್: ಕೊಡಗಿನ ಶಾಲೆಯಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಪೊನ್ನಂಪೇಟೆ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳೇ ಮಾಡಿ ಕಲಿಯುವ ಪ್ರಯೋಗಾಲಯ) ಸಿಕ್ಕ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಬರುತ್ತದೆ. ನಮಗೆ ಅದಿಲ್ಲ. ಹಳೆಯ ವಿದ್ಯಾರ್ಥಿಗಳು ದುಡ್ಡು ಸೇರಿಸಿ ಈ ಕಿಟ್ ಕೊಡಿಸಿದರು. ಇಂಥದ್ದನ್ನು ಕೊಳ್ಳಬೇಕಾ ಅಂತ ಯೋಚಿಸುತ್ತಿರುವ ಶಾಲೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಆರ್ಡುಯಿನೊ ಊನೊ ಬೋರ್ಡ್ (ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಕಂಪ್ಯೂಟರ್), ಮಣ್ಣಿನ ತೇವ ನೋಡುವ ಸೆನ್ಸರ್, ಗಾಳಿಯ ತೇವಾಂಶಕ್ಕೆ ಡಿಎಚ್‌ಟಿ11 ಸೆನ್ಸರ್, ಪಂಪು ಆನ್-ಆಫ್ ಮಾಡುವ ರಿಲೇ, ಪುಟ್ಟ ಪಂಪು, ನಾಲ್ಕು ಚಕ್ರದ ಗಾಡಿ ಇದ್ದವು. ಮಕ್ಕಳು ಮೊದಲು ಮುಗಿಬಿದ್ದದ್ದು ಗಾಡಿಗೆ. ಆದರೆ ಜಾಸ್ತಿ ಕಲಿತದ್ದು ತೇವದ ಸೆನ್ಸರ್‌ನಿಂದ.

ರೀಡಿಂಗ್ ಇಷ್ಟು ದಾಟಿದರೆ (ಮಣ್ಣು ಒಣಗಿದಷ್ಟೂ ಅದು ಏರುತ್ತದೆ) ಪಂಪು ಹಾಕಿ ಅಂತ ಕೈಪಿಡಿ ಒಂದೇ ಅಂಕಿ ಕೊಡುತ್ತದೆ. ಯಾವ ಮಣ್ಣಿಗೆ? ಬೋರ್ಡ್ 0ಯಿಂದ 1023ರೊಳಗೆ ಒಂದು ಸಂಖ್ಯೆ ತೋರಿಸುತ್ತದೆ, ಅಷ್ಟೆ. ಒಂಬತ್ತನೇ ಕ್ಲಾಸಿನವರು ಮನೆಯಿಂದ ಮಣ್ಣು ತಂದು, ಚೆನ್ನಾಗಿ ಒಣಗಿಸಿ, ತೂಗಿ ಡಬ್ಬಕ್ಕೆ ತುಂಬಿದರು. ಅಳೆದು ನೀರು ಹಾಕುತ್ತಾ, ಕಲಸುತ್ತಾ, ಪ್ರತಿ ಸಲ ಸಂಖ್ಯೆ ಬರೆದುಕೊಂಡರು. ಕಾಫಿ ತೋಟದ ಮಣ್ಣಿಗೂ ಗದ್ದೆಯ ಜೇಡಿಗೂ ಸಂಖ್ಯೆ ಬೇರೆಯೇ ಬಂತು. ಈಗ ನಮ್ಮ ಗೋಡೆ ಮೇಲೆ ನಮ್ಮದೇ ಪಟ್ಟಿ ಇದೆ. ಕೈಪಿಡಿಯ ಅಂಕಿ ಯಾರೂ ನೋಡುವುದಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಸಣ್ಣ ಮಳೆ ಬಿದ್ದ ಮಾರನೇ ದಿನ ಸೆನ್ಸರ್ ಚುಚ್ಚಿದರೆ ಒದ್ದೆ ಅಂತ ತೋರಿಸಿತು. ಒಬ್ಬಳು ಸುಮ್ನೆ ಬಿಡಲಿಲ್ಲ. ಪಕ್ಕದಲ್ಲಿ ಗುಂಡಿ ತೋಡಿ, ಅರ್ಧ ಅಡಿ ಕೆಳಗೆ ಅಡ್ಡಲಾಗಿ ಸಿಕ್ಕಿಸಿದಳು. "ಸರ್, ಮೇಲೆ ಮಾತ್ರ ನೆಂದಿದೆ, ಒಳಗೆಲ್ಲ ಒಣಗಿದೆ." ಅವಳ ತಾತ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಹೇಳುವುದೂ ಇದನ್ನೇ ಅಲ್ವಾ?

ಆಮೇಲೆ ಲೆಕ್ಕಕ್ಕೆ ಕೂತೆವು. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ "ಒಂದಿಂಚು ಮಳೆ" (25.4 ಮಿ.ಮೀ.) ಎಕರೆಗೆ ಒಂದು ಲಕ್ಷ ಲೀಟರ್ ದಾಟುತ್ತದೆ! ಸ್ಪ್ರಿಂಕ್ಲರ್‌ಗೆ ನೀರೆತ್ತುವ ಕೆರೆ ಬೇಸಿಗೆಯಲ್ಲಿ ಯಾಕೆ ಅಷ್ಟು ಬೇಗ ಇಳಿಯುತ್ತದೆ ಅಂತ ಮಕ್ಕಳೇ ಹೇಳಿದರು.

ಇನ್ನು ಬೇಸರದ ವಿಷಯ. ಎರಡು ಕಡ್ಡಿಯ ಆ ತೇವದ ಸೆನ್ಸರ್ ಬಾಳಿಕೆ ಬರುವುದಿಲ್ಲ. ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿದರೆ ಕಡ್ಡಿಯ ಲೋಹ ಸವೆದುಹೋಗುತ್ತದೆ. ಕೈಪಿಡಿಯ ವೈರಿಂಗ್ ಹಾಗೇ ಇದೆ. ನಾವು ಸೆನ್ಸರ್‌ಗೆ ಬೋರ್ಡಿನ ಡಿಜಿಟಲ್ ಪಿನ್ ಒಂದರಿಂದ ಕರೆಂಟ್ ಕೊಟ್ಟು, ಅಳೆಯುವಾಗ ಮಾತ್ರ ಆನ್ ಆಗುವಂತೆ ಪ್ರೋಗ್ರಾಂ ಬದಲಿಸಿದೆವು. ಬಾಳಿಕೆ ಚೆನ್ನಾಗಿ ಹೆಚ್ಚಿತು. ಈಗ ಹೊಸದಾಗಿ ತರಿಸುವುದೆಲ್ಲ ಕೆಪಾಸಿಟಿವ್ ಸೆನ್ಸರ್. ಅದರಲ್ಲಿ ಲೋಹ ಮಣ್ಣಿಗೆ ತಾಗುವುದಿಲ್ಲ. ಮೇಲಿನ ಚಿಪ್ ಭಾಗಕ್ಕೆ, ಅಂಚಿಗೆ ನೇಲ್ ಪಾಲಿಶ್ ಬಳಿದರೆ ನೀರಿನಿಂದಲೂ ಬಚಾವ್.

ಡಿಎಚ್‌ಟಿ11 ನಮ್ಮ ಮಳೆಗಾಲಕ್ಕಲ್ಲ. ತೇವಾಂಶ ಶೇ 90 ದಾಟಿದ ಮೇಲೆ ಅದನ್ನು ನಂಬುವಂತಿಲ್ಲ, ಜುಲೈನಲ್ಲಿ ಇಲ್ಲಿ ಎಷ್ಟೋ ಸಲ ಅದಕ್ಕಿಂತ ಹೆಚ್ಚೇ ಇರುತ್ತದೆ. ಅದರ ಬದಲು ಡಿಎಚ್‌ಟಿ22 ಸೆನ್ಸರ್ ತಗೊಳ್ಳಿ. ಗಾಡಿ ತೋಟದ ಇಳಿಜಾರಿನಲ್ಲಿ, ತರಗೆಲೆ ಮೇಲೆ ಮುಂದಕ್ಕೇ ಹೋಗುವುದಿಲ್ಲ. ಕಣದಲ್ಲಿ ಒಣಹಾಕಿದ ಕಾಫಿ ಕೈಯಾಡಿಸಲು ಹಿಂದೆ ಹಲಗೆ ಕಟ್ಟಿದರು ಮಕ್ಕಳು. ಒಳ್ಳೆಯ ಯೋಚನೆ, ಆದರೆ ಮೋಟರ್‌ಗೆ ಅಷ್ಟು ಶಕ್ತಿಯಿಲ್ಲ.

ಮಾರಿದ ಕಂಪನಿ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರತಿ ಪಾಠವನ್ನೂ ನಾನೇ ಕನ್ನಡದಲ್ಲಿ ಬರೆದುಕೊಟ್ಟೆ. ಬಿಡಿಭಾಗ ಕೇಳಿದರೆ ಹೊಸ ಕಿಟ್ ಕೊಳ್ಳಿ ಅನ್ನುತ್ತಾರೆ. ಶಾಲೆಗೆ ಮಾರುವವರು ಹೀಗೆ ಮಾಡಬಾರದು.

ಐದಕ್ಕೆ ಮೂರು ಕೊಡುತ್ತೇನೆ. ಕೊಳ್ಳುವುದಾದರೆ ಗಾಡಿ ಇಲ್ಲದ ಸಣ್ಣ ಕಿಟ್ ಸಾಕು, ಉಳಿದ ದುಡ್ಡಿಗೆ ಸೆನ್ಸರ್ ಜಾಸ್ತಿ ತರಿಸಿ. ಜನವರಿಯೊಳಗೆ ಕೈಗೆ ಬರುವಂತೆ ನೋಡಿಕೊಳ್ಳಿ. ಹೂ ಮಳೆಗೆ ಮುಂಚೆ ಮಣ್ಣಿನ ಪಟ್ಟಿ ತಯಾರಿರಬೇಕು.